ಆರೋಗ್ಯವಂತರ ಸಾಲಿನಲ್ಲಿ ಒಂದು ಗೆರೆ

ನಮ್ಮ ಮನೆತನದಲ್ಲಿ ನನ್ನ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ. ಹೇಳುವವರು ಕಾಕಾ, ಅಪ್ಪನ ತಮ್ಮ. ಮದುವೆಯ ಪಂಕ್ತಿಯಲ್ಲಿ ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಸರಿಯಾಗಿ ಶುರು ಮಾಡುತ್ತಾರೆ. ಅಪ್ಪನ ಅಕ್ಕ, ಅಂದರೆ ನನ್ನ ದೊಡ್ಡತ್ತೆ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳಂತೆ. ಆಗಿನ್ನೂ ಸಾಲೆಗೆ ಹೋಗುತ್ತಿದ್ದ ನಾನು ಆಸ್ಪತ್ರೆಯ ಮಂಚದ ಪಕ್ಕ ನಿಂತು, ಈ ರೋಗದ ಬೇರು ಕಿತ್ತೇ ಬಿಡುತ್ತೇನೆ ಎಂದು ಹಟ ತೊಟ್ಟೆನಂತೆ. ಅದಕ್ಕೇ ಇವತ್ತು ಹುಬ್ಬಳ್ಳಿಯ ವಿದ್ಯಾನಗರದ ಪ್ರಯೋಗಾಲಯವೊಂದರಲ್ಲಿ ಕೂತು ತೀವ್ರ ಲುಕೇಮಿಯಾದ, ಅಂದರೆ ದಿಢೀರನೆ ಬಂದು ಸರಸರನೆ ಏರುವ ರಕ್ತದ ಕ್ಯಾನ್ಸರಿನ, ಸಂಶೋಧನೆ ಮಾಡುತ್ತಿದ್ದೇನಂತೆ.

ಈ ಕಥೆಯಲ್ಲಿ ನಾನು ಒಪ್ಪುವುದು ವಿದ್ಯಾನಗರವನ್ನು ಮಾತ್ರ.

ದೊಡ್ಡತ್ತೆ ತೀರಿಕೊಂಡ ದಿನ ನಾನು ಆಸ್ಪತ್ರೆಯಲ್ಲಿ ಇರಲೇ ಇಲ್ಲ. ಧಾರವಾಡದಲ್ಲಿ ಚರ್ಚಾಸ್ಪರ್ಧೆಯ ವೇದಿಕೆಯ ಮೇಲಿದ್ದೆ. ಮನೆಗೆ ಬಂದ ಮೇಲೆ ಸುದ್ದಿ ತಿಳಿಯಿತು. ಆಕೆಗೆ ಏನಾಗಿತ್ತು ಎಂದು ಕೇಳಿದಾಗ ಹೆಂಗಸರು "ರಕ್ತ ಕಡಿಮಿ ಆಗಿತ್ತು" ಅಂದರು, ಅಷ್ಟೇ. ರಕ್ತ ಕಡಿಮೆಯಾಗುವುದು ಬೇರೆ, ರಕ್ತದ ಕ್ಯಾನ್ಸರು ಬೇರೆ. ಒಂದು ರಿಪೋರ್ಟು ಉಳಿದಿಲ್ಲ, ನೋಡಿದ ಡಾಕ್ಟರು ಯಾರೆಂದು ಯಾರಿಗೂ ನೆನಪಿಲ್ಲ. ಹಾಗಿದ್ದ ಮೇಲೆ ಈ ರೋಗವನ್ನು ಎಲ್ಲಿಂದ ತಂದಿರಿ ಎಂದು ಕಾಕಾನನ್ನು ಪಂಕ್ತಿಯಲ್ಲೇ ಕೇಳಿದ್ದೇನೆ.

"ನೀ ಸುಮ್ಕಿರವಾ," ಅನ್ನುತ್ತಾರೆ ಕಾಕಾ. "ಮಂದಿ ಕಣ್ಣಾಗ ನೀರ ತರಾಕತ್ತಾರ. ನಡುವ ಬಾಯಿ ಹಾಕಿ ಹೋಳಿಗಿ ಕೆಡಸಬ್ಯಾಡ."

ಅಪ್ಪನನ್ನು ಕೇಳಿದರೆ, "ನಿಮ್ಮ ಕಾಕಾನ್ನ ಕೇಳು" ಅನ್ನುತ್ತಾರೆ.

ನಾನು ಈ ಕೆಲಸಕ್ಕೆ ಬಂದದ್ದು ಜಗಳದಿಂದ. ಎಂ.ಎಸ್ಸಿ. ಮುಗಿಸಿ ಸಂದರ್ಶನಕ್ಕೆ ಹೋಗಿದ್ದೆ. ಈಗ ನನ್ನ ಮಾರ್ಗದರ್ಶಕಿಯಾಗಿರುವ ಮೇಡಂ ಒಂದು ಪ್ರಶ್ನೆ ಕೇಳಿದರು. ಚಿಕಿತ್ಸೆ ಮುಗಿದ ರೋಗಿಯ ಮೂಳೆಯೊಳಗಿನ ಮಜ್ಜೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇವೆ, ಒಂದೂ ಕೆಟ್ಟ ಕಣ ಕಾಣಲಿಲ್ಲ, ರೋಗ ಹೋಯಿತು ಅನ್ನಬಹುದೇ? ಅನ್ನಬಾರದು ಅಂದೆ. ಯಾಕೆ ಅಂದರು. "ಕಾಣಲಿಲ್ಲ ಅನ್ನೂದು ನೀವು ನೋಡಿದ ಹನಿ ಬಗ್ಗೆ ಮಾತು ಆತ್ರಿ, ರೋಗಿ ಬಗ್ಗೆ ಅಲ್ಲ" ಅಂದೆ. ಪಕ್ಕದಲ್ಲಿದ್ದ ಹಿರಿಯ ಡಾಕ್ಟರೊಬ್ಬರಿಗೆ ಇದು ಉದ್ಧಟತನ ಅನ್ನಿಸಿತು. ಅವರೊಂದಿಗೆ ಅರ್ಧ ತಾಸು ವಾದಿಸಿದೆ. ಕೆಲಸ ಹೋಯಿತು ಅಂದುಕೊಂಡು ಹೊರಗೆ ಬಂದರೆ ಮೇಡಂ ಬೆನ್ನಹಿಂದೆಯೇ ಬಂದು, "ಇಷ್ಟು ಜಗಳಾ ಎಲ್ಲೆ ಕಲತೀ? ಸೋಮವಾರದಿಂದ ಬಾ" ಅಂದರು. ಗೋಪನಕೊಪ್ಪದ ನಮ್ಮ ಮನೆಗೆ ಪ್ರಯೋಗಾಲಯ ಹತ್ತಿರ ಎಂಬುದೂ ಒಂದು ಕಾರಣ. ಪಣಗಿಣ ಯಾವುದೂ ಇರಲಿಲ್ಲ.

ನಮ್ಮ ಕೆಲಸವೇ ಆ ಕಾಣದ ಕಣಗಳನ್ನು ಹುಡುಕುವುದು. ತೀವ್ರ ಲುಕೇಮಿಯಾದ ಕೆಲವು ಬಗೆಗಳಲ್ಲಿ ಎರಡು ವರ್ಣತಂತುಗಳು ಮುರಿದು, ಒಂದರ ತುಂಡು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಹಾಗೆ ಬೆಸೆದುಕೊಂಡ ಜೀನು ಆ ರೋಗದ ಗುರುತು. ಪಿಸಿಆರ್ ಎಂಬ ಯಂತ್ರ ಆ ಗುರುತಿನ ನಕಲುಗಳನ್ನು ಮತ್ತೆ ಮತ್ತೆ ಮಾಡಿ, ಲಕ್ಷ ಒಳ್ಳೆಯ ಕಣಗಳ ನಡುವೆ ಒಂದೇ ಒಂದು ಕೆಟ್ಟ ಕಣ ಅಡಗಿದ್ದರೂ ಹಿಡಿದುಕೊಡಬಲ್ಲದು. ಕೊನೆಗೆ ಅದನ್ನು ಜೆಲ್ ಎಂಬ, ಅಗರ್ ಮಿಠಾಯಿಯಂಥ ತೆಳು ಬಿಲ್ಲೆಯಲ್ಲಿ ಓಡಿಸಿ, ನೇರಳಾತೀತ ಬೆಳಕಿನಲ್ಲಿ ನೋಡುತ್ತೇವೆ. ರೋಗಿಯ ಸಾಲಿನಲ್ಲಿ ಹೊಳೆಯುವ ಗೆರೆ ಇದ್ದರೆ ರೋಗ ಇನ್ನೂ ಇದೆ.

ಇಷ್ಟು ಸೂಕ್ಷ್ಮವಾದ ಪರೀಕ್ಷೆಯನ್ನು ನಂಬಬೇಕಾದರೆ ಪಕ್ಕದಲ್ಲಿ ಮತ್ತೆರಡು ಸಾಲು ಬೇಕು. ಒಂದು ಬರೀ ನೀರಿನದು. ಇನ್ನೊಂದು ಆರೋಗ್ಯವಂತರ ರಕ್ತದ್ದು. ಎರಡೂ ಖಾಲಿ ಇರಬೇಕು. ಅವು ಖಾಲಿ ಇದ್ದರೆ ಮಾತ್ರ ರೋಗಿಯ ಗೆರೆಗೆ ಬೆಲೆ.

ಆರೋಗ್ಯವಂತರ ರಕ್ತ ಎಲ್ಲಿಂದ ಬರಬೇಕು? ನಮ್ಮಲ್ಲಿ ಒಂದು ಪದ್ಧತಿ ಇದೆ. ಪ್ರಯೋಗಾಲಯಕ್ಕೆ ಎಲ್ಲರಿಗಿಂತ ಕೊನೆಗೆ ಸೇರಿದವರು ಕೊಡಬೇಕು. ಒಪ್ಪಿಗೆಗೆ ಸಹಿ ಮಾಡಿಯೇ ಸೇರುತ್ತೇವೆ. ಮೇಡಂ ಮೂಲತಃ ಡಾಕ್ಟರು, ರಕ್ತ ಅವರೇ ತೆಗೆಯುತ್ತಾರೆ, ಆಮೇಲೆ ಎಲ್ಲರಿಗೂ ಮಂಡಕ್ಕಿಯ ಗಿರಮಿಟ್ಟು, ಮಿರ್ಚಿ ಭಜಿ ತರಿಸುತ್ತಾರೆ. ನಾನು ಸೇರಿದ ಮೇಲೆ ಹೊಸಬರು ಯಾರೂ ಬಂದಿಲ್ಲ, ಹೀಗಾಗಿ ಪ್ರತಿ ಸಲವೂ ತೋಳು ನನ್ನದೇ. ನನಗಿಂತ ಮೊದಲು ಬಂದ ಸಂಶೋಧಕನೊಬ್ಬನಿದ್ದಾನೆ, ಧಾರವಾಡದವನು. ಸೂಜಿ ಕಂಡರೆ ಅವನಿಗೆ ಕಣ್ಣು ಕತ್ತಲೆ ಬರುತ್ತದೆ. ಅವನ ಮೊದಲ ಪಾಳಿಯಲ್ಲೇ ಕುರ್ಚಿಯಿಂದ ಜಾರಿ ಬಿದ್ದು ಹಣೆ ಒಡೆದುಕೊಂಡನಂತೆ. ಇನ್ನು ಮುಂದೆ ಇವನ ತಂಟೆಗೆ ಹೋಗುವುದಿಲ್ಲ ಎಂದು ಮೇಡಂ ಅವತ್ತೇ ಹೇಳಿಬಿಟ್ಟಿದ್ದರು.

"ಬರ್ರಿ ವಕೀಲ್ರ," ಅನ್ನುತ್ತಿದ್ದ ನನಗೆ. "ಇವತ್ತ ನಿಮ್ಮ ರಕ್ತಕ್ಕ ಭಾಳ ಡಿಮ್ಯಾಂಡ್ ಅದ."

"ನಿಮ್ಮದೂ ಒಂದ್ಸಲ ಕೊಡ್ರಿ ನೋಡೋಣು."

"ನಂದು ಅಂಜಿದ ರಕ್ತ. ನಳಿಗ್ಯಾಗ ಇಳಿಯೂದಿಲ್ಲ."

ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ಆರೋಗ್ಯವಂತರ ರಕ್ತ, ಆಮೇಲೆ ರೋಗಿಯದು. ರೋಗಿಯ ನಳಿಕೆಯಲ್ಲಿ ಕೆಟ್ಟ ಕಣಗಳು ಕಿಕ್ಕಿರಿದಿರುತ್ತವೆ. ಅದರ ಕಣ್ಣಿಗೆ ಕಾಣದ ತುಂತುರೊಂದು ಹಾರಿ ಇನ್ನೊಂದು ನಳಿಕೆಗೆ ಬಿದ್ದರೂ ಸಾಕು, ಯಂತ್ರ ಅದನ್ನೂ ಹಿಡಿಯುತ್ತದೆ. ಆದರೆ ಈಚೆಗೆ ಒಂದು ದಿನ ರೋಗಿಯ ರಕ್ತ ಬೇಗ ಬಂದಿತ್ತು. ನನ್ನ ವಯಸ್ಸಿನವನೇ ಒಬ್ಬ ಹುಡುಗ. ನಾನಿನ್ನೂ ರಕ್ತ ಕೊಡಲು ಅಂಗಿಯ ತೋಳು ಮಡಚುತ್ತಿದ್ದೆ.

"ನಿಂದು ಆಮ್ಯಾಲೆ ತಗಿಯೋಣ," ಅಂದರು ಮೇಡಂ. "ಮೊದಲ ಆ ಹುಡುಗಂದು ಮುಗಸು. ಔಷಧ ಶುರು ಮಾಡಲಿಕ್ಕೆ ಅವರು ಕಾಯ್ಲಿಕ್ಕತ್ತಾರ."

ಅದು ಸರಿಯಾದ ಮಾತೇ. ಅವನದು ಮುಗಿಸಿದೆ, ಮೇಜು ಒರೆಸಿದೆ, ಕೈಗವಸು ಬದಲಿಸಿದೆ, ಆಮೇಲೆ ನನ್ನದನ್ನು ಮಾಡಿದೆ. ಎಲ್ಲ ಆದ ಮೇಲೆ ಜೆಲ್ಲನ್ನು ಬೆಳಕಿಗಿಟ್ಟು ನೋಡಿದೆವು. ಹುಡುಗನ ಸಾಲಿನಲ್ಲಿ ದಪ್ಪ ಗೆರೆ, ಅದು ಗೊತ್ತಿದ್ದದ್ದೇ. ನೀರಿನ ಸಾಲು ಕಪ್ಪಗೆ, ಸ್ವಚ್ಛ. ನನ್ನ ಸಾಲಿನಲ್ಲಿ, ಅವನ ಗೆರೆಯದೇ ಎತ್ತರಕ್ಕೆ, ಉಗುರಿನಿಂದ ಗೀರಿದಷ್ಟು ತೆಳುವಾದ ಇನ್ನೊಂದು ಗೆರೆ.

ಪಕ್ಕದಲ್ಲಿ ನಿಂತಿದ್ದ ಧಾರವಾಡದವನು ಚೇಷ್ಟೆ ಮಾಡಲಿಲ್ಲ. ನನಗೆ ಮೊದಲು ಹೆದರಿಕೆಯಾದದ್ದು ಗೆರೆಗಲ್ಲ, ಅವನು ಸುಮ್ಮನಿದ್ದುದಕ್ಕೆ.

ಮೇಡಂ ಬಂದು ನೋಡಿದರು. "ರೋಗೀದು ಮೊದಲ ಮಾಡೀದಲ್ಲ, ಅದರದ್ದ ಹನಿ ಎಲ್ಲೋ ಹತ್ತೇದ. ಕಂಟ್ಯಾಮಿನೇಶನ್. ನಾಳೆ ಹೊಸದಾಗಿ ರಕ್ತ ತಗದು ಮಾಡೋಣ."

"ನೀರಿನ ಸಾಲು ಸ್ವಚ್ಛ ಐತಲ್ರಿ ಮೇಡಂ."

"ನೀರು ನೀ ಹಾಕಿದ್ದು ಕಡೀಕ, ಯಂತ್ರಕ್ಕ ಇಡೂ ಮುಂದ. ರಕ್ತದಾಗಿನ ಕಣ ಬಿಡಸೂ ಮುಂದ ಹತ್ತಿದ್ದು ನೀರಿನ್ಯಾಗ ಹ್ಯಾಂಗ ಬರಬೇಕು?"

ವಾದ ಗಟ್ಟಿಯಾಗಿತ್ತು. ನಾನು ಎಷ್ಟೋ ವೇದಿಕೆಗಳಲ್ಲಿ ಎದುರಿನವರ ಗಟ್ಟಿ ವಾದ ಕೇಳಿ ಸಿಟ್ಟಾದವಳು. ಅವತ್ತು ಮಾತ್ರ ಅದು ಇನ್ನೂ ಗಟ್ಟಿಯಾಗಿರಲಿ, ನಾನು ಬಾಯಿ ಮುಚ್ಚುವಷ್ಟು ಗಟ್ಟಿಯಾಗಿರಲಿ ಅನ್ನಿಸುತ್ತಿತ್ತು. ಆದರೆ ಬಾಯಿಗೆ ಅಭ್ಯಾಸ ಆಗಿಬಿಟ್ಟಿದೆ.

"ಹಂಗಾರ ನನ್ನ ಉಳದ ರಕ್ತ ಫ್ರಿಜ್ಜಿನ್ಯಾಗ ಐತ್ರಿ," ಅಂದೆ. "ಅದನ್ನ ತಗೊಂಡು ಮೊದಲಿಂದ ಮಾಡ್ತೀನಿ. ಗೆರಿ ಬರಲಿಲ್ಲ ಅಂದ್ರ ಕಂಟ್ಯಾಮಿನೇಶನ್ನ ಖರೇ."

ಬಂದರೆ ಏನು ಎಂದು ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ. ತಾವೇ ಹೋಗಿ ಫ್ರಿಜ್ಜು ತೆರೆದು, ನನ್ನ ನಳಿಕೆಯನ್ನು ತೆಗೆದು, ತ್ಯಾಜ್ಯದ ಡಬ್ಬಿಗೆ ಹಾಕಿದರು.

"ಕೆಟ್ಟ ದಿನದ್ದು ಯಾವುದೂ ಇಟ್ಕೋಬಾರದು. ನಮ್ಮ ಪದ್ಧತಿ ನಿನಗ ಗೊತ್ತದ."

ಪದ್ಧತಿ ಹೌದು. ಕಲುಷಿತವಾಯಿತು ಅನ್ನಿಸಿದ ದಿನದ ಆರೋಗ್ಯವಂತರ ರಕ್ತವನ್ನು ನಾವು ಯಾವತ್ತೂ ಇಟ್ಟುಕೊಳ್ಳುವುದಿಲ್ಲ. ಆದರೆ ಅದನ್ನು ಎಸೆಯುವವರು ನಾವು ವಿದ್ಯಾರ್ಥಿಗಳು. ಮೇಡಂ ತಾವೇ ಫ್ರಿಜ್ಜಿನವರೆಗೆ ಹೋದದ್ದನ್ನು ನಾನು ಮೊದಲ ಸಲ ನೋಡಿದೆ. ಅಲ್ಲಿಂದ ತಿರುಗಿ, ಬಾಗಿಲ ಹತ್ತಿರ ನಿಂತು ಅಂದರು:

"ಮತ್ತ, ಅದು ಖರೇ ಇದ್ರೂ ಏನೂ ಅಲ್ಲ. ಛಲೋ ಇದ್ದ ಮಂದ್ಯಾಗೂ ಇಂಥಾದ್ದು ಒಮ್ಮೊಮ್ಮೆ ಸಿಗ್ತದ, ಓದೀಯಲ್ಲ. ಅವರಿಗೇನೂ ಆಗೂದಿಲ್ಲ."

"ಭಾಳ ಮಂದಿಗೆ ಆಗೂದಿಲ್ರಿ," ಅಂದೆ.

"ಹೌದು," ಅಂದರು. "ಭಾಳ ಮಂದಿಗೆ."

ಗೆರೆ ಸುಳ್ಳು, ಖರೇ ಇದ್ದರೂ ಅಪಾಯವಿಲ್ಲ. ಚರ್ಚೆಯಲ್ಲಿ ಹೀಗೆ ಎರಡು ಬೇಲಿ ಹಾಕಿಕೊಂಡು ಯಾರಾದರೂ ನಿಂತರೆ, ಮೊದಲನೇ ಬೇಲಿಯ ಮೇಲೆ ಅವರಿಗೇ ನಂಬಿಕೆ ಇಲ್ಲ ಎಂದು ನಾನು ತಿಳಿಯುತ್ತಿದ್ದೆ. ಮೇಡಂ ಹತ್ತಿರ ಹಾಗೆ ಹೇಳುವ ಧೈರ್ಯ ಆಗಲಿಲ್ಲ.

ಮರುದಿನ ಹೊಸ ರಕ್ತ ತೆಗೆದು ಕ್ರಮ ತಪ್ಪದೆ ಮಾಡಿದೆವು. ನನ್ನ ಸಾಲು ಖಾಲಿ ಬಂತು. ಕಣಗಳ ಎಣಿಕೆ ಮಾಡಿಸಿದರು, ಸರಿಯಾಗಿತ್ತು. ಗಾಜಿನ ಮೇಲೆ ನನ್ನ ರಕ್ತದ ಹನಿ ಸವರಿ ಮೇಡಂ ತಾವೇ ಬಹಳ ಹೊತ್ತು ನೋಡಿದರು. "ಬಂಗಾರದಂಥಾ ರಕ್ತ ಅದ. ಇನ್ನ ತಲಿ ಕೆಡಿಸ್ಕೋಬ್ಯಾಡ," ಅಂದರು. ಅವತ್ತೂ ಗಿರಮಿಟ್ಟು ಬಂತು. ಧಾರವಾಡದವನು ತನ್ನ ಮಿರ್ಚಿಯನ್ನೂ ನನ್ನ ಕಾಗದಕ್ಕೆ ಹಾಕಿದ. ಅವನು ಮಿರ್ಚಿ ಬಿಟ್ಟುಕೊಡುವ ಪೈಕಿ ಅಲ್ಲ.

ತಲೆ ಕೆಡಿಸಿಕೊಳ್ಳಬಾರದು ಎಂದು ನಾನೂ ನಿಶ್ಚಯಿಸಿದ್ದೆ. ಆದರೆ ಸಂದರ್ಶನದಲ್ಲಿ ಆ ಹಿರಿಯ ಡಾಕ್ಟರನ್ನು ಸೋಲಿಸಿದ ಮಾತು ನನ್ನದೇ ಆಗಿತ್ತಲ್ಲ. ಕಾಣಲಿಲ್ಲ ಅನ್ನುವುದು ಹನಿಯ ಬಗ್ಗೆ ಮಾತು. ಲಕ್ಷಕ್ಕೆ ಒಂದು ಇದ್ದರೆ, ಈ ಸಲದ ನಳಿಕೆಗೆ ಆ ಒಂದು ಬರದೇ ಇರಬಹುದು. ಎರಡನೇ ಸಲದ ಖಾಲಿ ಸಾಲು ಮೊದಲನೇ ಸಲದ ಗೆರೆಯನ್ನು ಅಳಿಸುವುದಿಲ್ಲ. ಅಳಿಸಬಲ್ಲದ್ದು, ಅದೇ ದಿನದ ರಕ್ತವಿದ್ದ ಫ್ರಿಜ್ಜಿನ ಆ ನಳಿಕೆ ಒಂದೇ, ಅದು ಹೋಗಿತ್ತು. ನನ್ನ ವಾದದಲ್ಲಿ ತೂತು ಎಲ್ಲಿದೆ ಎಂದು ಬಸ್ಸಿನಲ್ಲಿ, ಬಚ್ಚಲಿನಲ್ಲಿ, ಅವ್ವ ಬಡಿಸಿದ ತಾಟಿನ ಮುಂದೆ ಹುಡುಕುತ್ತಿದ್ದೆ. ಸಿಗಲಿಲ್ಲ.

ಪರೀಕ್ಷೆ ಮುಗಿಯುವವರೆಗೆ ರೋಗಿಗಳ ಮನೆಯವರು ನಮ್ಮ ಕಾರಿಡಾರಿನಲ್ಲಿ ಕಾಯುತ್ತಾರೆ. ಒಮ್ಮೆ ಒಬ್ಬ ತಾಯಿ ನನ್ನನ್ನು ನಿಲ್ಲಿಸಿ, "ಇನ್ನ ಮೈಯಾಗ ಇಲ್ಲಲ್ರಿ ಅದು?" ಎಂದು ಕೇಳಿದ್ದಳು. "ನಮಗ ಕಂಡಿಲ್ರಿ," ಅಂದಿದ್ದೆ. ಆಕೆ ಹೋಗಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತ ನಿಂತಳು, ಮುಂದಿನ ಮಾತು ಬರುತ್ತದೆಂದು. ವಿಜ್ಞಾನದಲ್ಲಿ ಅದಕ್ಕೆ ಮುಂದಿನ ಮಾತು ಇಲ್ಲ. ಈಗ ಮೇಡಂ ಬಾಯಿಯನ್ನು ನಾನು ಹಾಗೇ ನೋಡುತ್ತಿದ್ದೆ.

ಹಲ್ಲುಜ್ಜಿ ಉಗುಳಿದಾಗ ಬಣ್ಣ ನೋಡುವುದು ಶುರುವಾಯಿತು. ಬಸ್ಸಿನ ಮೆಟ್ಟಿಲು ತಾಗಿ ಮೊಳಕಾಲಿನ ಕೆಳಗೆ ಹಸಿರು ಕಟ್ಟಿದ ಕಲೆ ದಿನಾ ಎಷ್ಟು ಹರಡಿತೆಂದು ನೋಡುತ್ತಿದ್ದೆ. ಎಡ ಪಕ್ಕೆಯ ಕೆಳಗೆ ಬೆರಳೊತ್ತಿ ಈ ರೋಗದಲ್ಲಿ ಊದುವ ಗುಲ್ಮ, ಅಂದರೆ ಸ್ಪ್ಲೀನು, ಕೈಗೆ ಸಿಗುತ್ತದೆಯೇ ಎಂದು ಹುಡುಕುತ್ತಿದ್ದೆ. ಉಣಕಲ್ ಕೆರೆಯ ದಂಡೆಯಲ್ಲಿ ಅವ್ವನ ಜೊತೆ ವಾಕಿಂಗಿಗೆ ಹೋದರೆ, ನನಗೆ ಉಸಿರು ಹತ್ತುವುದು ನಡಿಗೆಗೋ ಇನ್ನೊಂದಕ್ಕೋ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಈ ರೋಗದ ಲಕ್ಷಣಗಳು ನನಗೆ ಮಗ್ಗಿಯಂತೆ ಬಾಯಿಪಾಠ. ಪ್ರತಿಯೊಂದೂ ದಣಿವಿಗೂ ಬರುತ್ತದೆ, ನಿದ್ದೆಗೆಟ್ಟರೂ ಬರುತ್ತದೆ, ಹೆದರಿದರೂ ಬರುತ್ತದೆ. ಅದೂ ಗೊತ್ತು. ಗೊತ್ತಿದ್ದು ಏನೂ ಉಪಯೋಗವಾಗಲಿಲ್ಲ.

"ಯಾಕ ಇಷ್ಟ ಕನ್ನಡಿ ಮುಂದ ನಿಲ್ಲಾಕತ್ತಿ?" ಅಂದಳು ಅವ್ವ ಒಂದು ಬೆಳಿಗ್ಗೆ. "ಯಾರರ ಅದಾರೇನು?"

ವಸಡು ನೋಡಿಕೊಳ್ಳುತ್ತಿದ್ದವಳು ಬಾಯಿ ಮುಚ್ಚಿದೆ. "ಇದ್ರ ಹೇಳ್ತೀನಿ," ಅಂದೆ.

"ನಮ್ಮವರ ಅದಾರೋ ಇಲ್ಲೋ ಅಷ್ಟ ಹೇಳು."

"ಅದ ನನಗೂ ಗೊತ್ತಾಗವಲ್ದು," ಅಂದೆ. ಅವ್ವ ನಕ್ಕಳು. ಅವಳ ಪಾಲಿಗೆ ಅಂದಿನಿಂದ ಒಬ್ಬ ಹುಡುಗ ಇದ್ದಾನೆ. ಇರಲಿ ಎಂದು ಬಿಟ್ಟೆ.

ಕೊನೆಗೆ ನಾನು ಮಾಡಿದ್ದು, ಇಷ್ಟು ವರ್ಷ ಸುಳ್ಳೆಂದು ಜಗಳಾಡಿದ ಕಥೆಯ ಬಾಗಿಲಿಗೇ ಹೋದದ್ದು. ಮಾರುಕಟ್ಟೆಯಲ್ಲಿ ಕಾಕಾನ ಕಾಳುಕಡಿಯ ಅಂಗಡಿ ಇದೆ. ಮಧ್ಯಾಹ್ನ ಗಿರಾಕಿಗಳು ಕಡಿಮೆ ಇರುವ ಹೊತ್ತಿಗೆ ಹೋಗಿ, ಕಡಲೆಯ ಚೀಲದ ಮೇಲೆ ಕೂತೆ.

"ಕಾಕಾ, ದೊಡ್ಡತ್ತೆಗ ಖರೇ ಏನಾಗಿತ್ರಿ?"

"ಅದ ರಕ್ತದ ಕ್ಯಾನ್ಸರ. ನೀ ಮಂಚದ ಬಾಜೂಕ ನಿಂತು..."

"ಕಥಿ ಬ್ಯಾಡ್ರಿ. ನೀವು ಕಣ್ಣಿಲೆ ನೋಡಿದ್ದಷ್ಟ ಹೇಳ್ರಿ."

ಕಾಕಾ ತಕ್ಕಡಿಯ ಬಟ್ಟಲನ್ನು ಒರೆಸತೊಡಗಿದರು. "ಯಾಕ ಕೇಳಾಕತ್ತೀವಾ?"

"ಕೆಲಸಕ್ಕ ಬೇಕಾಗಿತ್ರಿ."

"ಡಾಕ್ಟ್ರು ಏನಂದ್ರೋ ನನಗ ತಿಳೀಲಿಲ್ಲ. ಕ್ಯಾನ್ಸರ ಅಂತ ಆಸ್ಪತ್ರ್ಯಾಗ ಯಾರೋ ಅಂದಿದ್ರು, ಅದನ್ನ ನಾ ಹಿಡಕೊಂಡೆ. ನೋಡಿದ್ದಂದ್ರ..." ಅವರು ಬಟ್ಟಲನ್ನು ಕೆಳಗಿಟ್ಟರು. "ಹಬ್ಬಕ್ಕ ಬಂದಾಗ ಛಲೋನ ಇದ್ಲು. ಆಮ್ಯಾಲೆ ಜ್ವರ ಬಂತು, ಹೋಗಲಿಲ್ಲ. ತೊಡಿಮ್ಯಾಲೆ, ಹೊಟ್ಟಿಮ್ಯಾಲೆ ಕೆಂಪು ಚುಕ್ಕಿ ಎದ್ದುವು, ಮುಟ್ಟಿದಲ್ಲೆಲ್ಲಾ ಕಪ್ಪ ಕಲಿ. ಕಡೀಕ ವಸಡಿನ್ಯಾಗಿಂದ ರಕ್ತ ನಿಲ್ಲವಲ್ದಾಗಿತ್ತು. ಅಕ್ಕ ಅರಿವಿ ಕಚ್ಚಿಕೊಂಡು ಕುಂತಿದ್ಲು. ತಿಂಗಳೂ ತುಂಬಲಿಲ್ಲ, ಹೋದ್ಲು."

ಇಂಥ ವಿವರವನ್ನು ನನ್ನೆದುರು ಯಾರಾದರೂ ಓದಿದ್ದರೆ, ಮುಗಿಸುವ ಮೊದಲೇ ತೀವ್ರ ಲುಕೇಮಿಯಾ ಎಂದು ಹೇಳುತ್ತಿದ್ದೆ.

"ಇದನ್ನ ಒಂದ ದಿನಾನೂ ಹೇಳಿಲ್ಲಲ್ರಿ ನೀವು."

"ಹೋಳಿಗಿ ಉಣ್ಣೂ ಮುಂದ ಇದನ್ನ ಹೆಂಗ ಹೇಳಬೇಕವಾ?" ಅಂದರು ಕಾಕಾ. ಆಮೇಲೆ ನನ್ನ ಮುಖ ನೋಡಿ, "ಯಾಕ, ಇದು ಮನಿತನಕ್ಕ ಬರತೈತೇನು?" ಅಂದರು.

"ಹಂಗೇನಿಲ್ರಿ. ಸಾಮಾನ್ಯವಾಗಿ ಬರಂಗಿಲ್ಲ," ಅಂದೆ. ಅದು ಖರೇ. ತೀವ್ರ ಲುಕೇಮಿಯಾ ಸಾಮಾನ್ಯವಾಗಿ ಮನೆತನದಲ್ಲಿ ಹರಿದು ಬರುವ ರೋಗವಲ್ಲ. ಅತ್ತೆಯ ಸಾವಿಗೂ ನನ್ನ ಜೆಲ್ಲಿನ ಗೆರೆಗೂ ಸಂಬಂಧ ಹಚ್ಚುವವರನ್ನು ಯಾವ ವೇದಿಕೆಯಲ್ಲಾದರೂ ಎರಡು ಮಾತಿನಲ್ಲಿ ಕೆಡವಬಲ್ಲೆ. ಆದರೆ "ಸಾಮಾನ್ಯವಾಗಿ" ಅಂದಾಗ ಕಾಕಾನ ಮುಖ ಹೇಗಾಯಿತೆಂದು ನೋಡಿದೆ. "ಭಾಳ ಮಂದಿಗೆ" ಅಂದಾಗ ನನ್ನ ಮುಖವೂ ಹಾಗೇ ಆಗಿರಬೇಕು.

ಮರುದಿನ ಮೇಡಂಗೆ ಹೇಳಿದೆ, ಅತ್ತೆಯ ವಿಷಯ, ಚುಕ್ಕೆ, ವಸಡು ಎಲ್ಲ. ಅವರು ಪೂರ್ತಿ ಕೇಳಿದರು, ನಡುವೆ ಒಂದೂ ಪ್ರಶ್ನೆ ಹಾಕಲಿಲ್ಲ. ಸಾಮಾನ್ಯವಾಗಿ ಅವರು ನನಗೆ ಮೂರು ವಾಕ್ಯ ಮುಗಿಸಲು ಬಿಡುವುದಿಲ್ಲ. "ಸಂಬಂಧ ಇಲ್ಲ," ಅಂದರು ಕೊನೆಗೆ. "ನಿನಗ ಗೊತ್ತದ, ಸಂಬಂಧ ಇಲ್ಲ." ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಕೆಲಸಕ್ಕೆ ತಲೆ ಹಾಕಿದೆ. ಮೊಳಕಾಲಿನ ಕಲೆ ಹಳದಿಗೆ ತಿರುಗಿ ಮಾಸಿತು. ಬೆಳಿಗ್ಗೆ ಉಗುಳು ನೋಡುವುದನ್ನು ಒಂದೆರಡು ದಿನ ಮರೆತೂ ಬಿಟ್ಟಿದ್ದೆ.

ಮುಂದಿನ ರೋಗಿಯ ರಕ್ತ ಇವತ್ತು ಬರುವುದಿತ್ತು. ಕ್ರಮ ತಪ್ಪಬಾರದೆಂದು ಬೇಗ ಹೋದೆ. ಬಾಗಿಲಲ್ಲೇ ತೋಳು ಮಡಚಿಕೊಳ್ಳುತ್ತ ಒಳಗೆ ಬಂದರೆ, ರಕ್ತ ಕೊಡುವ ಕುರ್ಚಿಯಲ್ಲಿ ಧಾರವಾಡದವನು ಕೂತಿದ್ದ. ಕಣ್ಣು ಗಟ್ಟಿಯಾಗಿ ಮುಚ್ಚಿ ಮುಖವನ್ನು ಗೋಡೆಗೆ ತಿರುಗಿಸಿದ್ದ. ಹಣೆಯ ಮೇಲೆ, ಹಳೆಯ ಗಾಯದ ಗೆರೆಯ ಸುತ್ತ, ಬೆವರು. ಮೇಡಂ ಅವನ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಿದ್ದರು.

"ನಾ ಬಂದೀನಲ್ರಿ ಮೇಡಂ," ಅಂದೆ.

"ನೀ ಭಾಳ ಸಲ ಕೊಟ್ಟೀ. ಎಲ್ಲಾರ ಪಾಳೀನೂ ಬರಬೇಕು," ಅಂದರು, ತಲೆ ಎತ್ತದೆ.

"ವಕೀಲ್ರ," ಅಂದ ಅವನು, ಕಣ್ಣು ತೆರೆಯದೆ. "ನಾ ಬಿದ್ರ ತಲಿ ಅಷ್ಟ ಹಿಡೀರಿ."

ಅವನ ಕುರ್ಚಿಯ ಹಿಂದೆ ಹೋಗಿ ನಿಂತೆ. ನನ್ನ ತೋಳು ಮಡಚಿಯೇ ಇತ್ತು. ಕೊನೆಗೆ ಸೇರಿದವಳು ಇನ್ನೂ ನಾನೇ. ಅವನು ಜಾರಿ ಬೀಳುವುದು ಎಲ್ಲರಿಗೂ ಗೊತ್ತು. ಮೇಡಂ ಇದುವರೆಗೆ ಕಾರಣವಿಲ್ಲದೆ ಒಂದು ಪದ್ಧತಿಯನ್ನೂ ಮುರಿದವರಲ್ಲ, ನನ್ನ ನಳಿಕೆಯನ್ನು ಎಸೆದದ್ದೂ ಪದ್ಧತಿಯ ಮಾತಿನಿಂದಲೇ. ನರ ಹುಡುಕುತ್ತಿದ್ದ ಅವರ ಬೆರಳು ಅವನ ತೋಳಿನ ಮೇಲೆ ನಿಂತಿತ್ತು. ಕೇಳಿಯೇ ಬಿಟ್ಟೆ.

"ಮೇಡಂ, ಅವತ್ತಿಂದು ಕಂಟ್ಯಾಮಿನೇಶನ್ ಅಂತ ನೀವು ಖರೇನ ನಂಬಿದ್ರ, ಇವತ್ತ ನನ್ನ ರಕ್ತ ಯಾಕ ಬ್ಯಾಡ್ರಿ?"